ನಯಾಗರಾ ದಾರಿಯ ಸರೋವರದೂರುಗಳು: ಐದರಲ್ಲಿ ನಿಮ್ಮ ಮನೆಯವರಿಗೆ ಯಾವುದು?

ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ನ್ಯೂಜೆರ್ಸಿಯಿಂದಲೋ ಬಾಸ್ಟನ್ನಿನಿಂದಲೋ ನಯಾಗರಾಕ್ಕೆ ಹೊರಡುವವರು ಕೇಳುವ ಪ್ರಶ್ನೆ ಒಂದೇ: ನಡುವೆ ಒಂದು ರಾತ್ರಿ ಎಲ್ಲಿ ಉಳಿಯೋಣ? ನಕ್ಷೆ ತೆಗೆದರೆ ನ್ಯೂಯಾರ್ಕ್ ರಾಜ್ಯದ ನಡುವೆ ಹನ್ನೊಂದು ಉದ್ದುದ್ದ ಸರೋವರಗಳು ಕಾಣುತ್ತವೆ. ಹಸಿ ಮಣ್ಣಿನ ಮೇಲೆ ಬೆರಳು ಊರಿ ಎಳೆದ ಹಾಗಿರುವ ಇವೇ ಫಿಂಗರ್ ಲೇಕ್ಸ್. ಹೆಚ್ಚಿನವುಗಳ ತುದಿಗೆ ಒಂದು ಪುಟ್ಟ ಊರು. ಫೋಟೋಗಳಲ್ಲಿ ಎಲ್ಲ ಊರೂ ಒಂದೇ ಥರ: ನೀಲಿ ನೀರು, ಬಿಳಿ ದೋಣಿ, ಹಳೇ ಇಟ್ಟಿಗೆಯ ಅಂಗಡಿ ಸಾಲು. ಅಲ್ಲಿ ಇಳಿದು ನೋಡಿದರೆ ಹಾಗಿಲ್ಲ. ಹೆಚ್ಚಿನವರು ಯೋಚಿಸದೆ ವಾಟ್ಕಿನ್ಸ್ ಗ್ಲೆನ್‌ಗೆ ಹೋಗುತ್ತಾರೆ. ಕೆಲವರಿಗೆ ಅದು ಸರಿಯಾದ ಆಯ್ಕೆ, ಮಂಡಿನೋವಿನ ಹಿರಿಯರಿರುವ ಅರ್ಧಕ್ಕರ್ಧ ಮನೆಗಳಿಗೆ ಅಲ್ಲ.

ಇಲ್ಲಿ ತೂಗಿ ನೋಡುವುದು ಐದು ಊರುಗಳನ್ನು: ವಾಟ್ಕಿನ್ಸ್ ಗ್ಲೆನ್, ಸ್ಕ್ಯಾನಿಯಾಟ್ಲಸ್, ಕ್ಯಾನಂಡೇಗ್ವಾ, ಸೆನೆಕಾ ಫಾಲ್ಸ್ ಮತ್ತು ಹ್ಯಾಮಂಡ್ಸ್‌ಪೋರ್ಟ್.

ಯಾವುದರಿಂದ ಅಳೆಯಬೇಕು

ಮೊದಲು ನೆಲದ ಸ್ವಭಾವ ತಿಳಿದುಕೊಳ್ಳಿ, ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಹಿಮಯುಗದಲ್ಲಿ ಉತ್ತರದಿಂದ ಜರುಗಿ ಬಂದ ಹಿಮರಾಶಿ ಹಳೆಯ ನದಿಕಣಿವೆಗಳನ್ನು ಆಳವಾಗಿ ಕೆತ್ತಿತು. ಹಾಗಾಗಿ ಸರೋವರಗಳೆಲ್ಲ ಉತ್ತರ-ದಕ್ಷಿಣವಾಗಿ ಚಾಚಿವೆ. ಸೆನೆಕಾ ಸರೋವರ 38 ಮೈಲಿ ಉದ್ದ, 618 ಅಡಿ ಆಳ. ಅದರ ತಳ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. ದಕ್ಷಿಣ ತುದಿಯಲ್ಲಿ ಗುಡ್ಡಗಳು ಕಡಿದಾಗಿವೆ. ಮುಖ್ಯ ಕಣಿವೆಯನ್ನು ಹಿಮ ಆಳ ಮಾಡಿತು, ಪಕ್ಕದ ಹಳ್ಳಗಳು ಮೇಲೆಯೇ ಉಳಿದವು. ಆ ಹಳ್ಳಗಳ ನೀರು ಪದರುಗಲ್ಲನ್ನು ಕೊರೆದುಕೊಂಡು ಕೆಳಗೆ ಧುಮುಕುತ್ತದೆ. ಜಲಪಾತಗಳೆಲ್ಲ ದಕ್ಷಿಣದಲ್ಲೇ ಗುಂಪಾಗಿರುವುದು ಇದಕ್ಕೇ. ಉತ್ತರ ತುದಿಗಳು ಹೆಚ್ಚುಕಡಿಮೆ ಸಮತಟ್ಟು. ಹಳೆಯ ಹೆದ್ದಾರಿ, ಕಾಲುವೆ, ಗಿರಣಿ, ಕೋರ್ಟು ಎಲ್ಲ ಅಲ್ಲಿ ಬೆಳೆದವು. ಸ್ಥೂಲವಾಗಿ ಹೇಳುವುದಾದರೆ, ಜಲಪಾತ ಮತ್ತು ಮೆಟ್ಟಿಲು ಬೇಕೆಂದರೆ ದಕ್ಷಿಣ, ಇತಿಹಾಸ ಮತ್ತು ಸಲೀಸು ನಡಿಗೆ ಬೇಕೆಂದರೆ ಉತ್ತರ.

ಇದರಿಂದಲೇ ಹುಟ್ಟುವ ಇನ್ನೊಂದು ತಾಪತ್ರಯ ದಾರಿಯದು. ಸೆನೆಕಾ, ಕಯೂಗದಂಥ ದೊಡ್ಡ ಸರೋವರಗಳಿಗೆ ಅಡ್ಡಲಾಗಿ ಸೇತುವೆ ಇಲ್ಲ. ಎದುರು ದಡದ ಮನೆಯ ದೀಪ ಕಣ್ಣಿಗೆ ಕಾಣುತ್ತಿದ್ದರೂ ಅಲ್ಲಿಗೆ ಹೋಗಲು ತುದಿಯವರೆಗೆ ಸುತ್ತಿಕೊಂಡು ಬರಬೇಕು. ರೂಮು ಕಾಯ್ದಿರಿಸುವಾಗ "ಸೆನೆಕಾ ಲೇಕ್" ಎಂಬ ಹೆಸರನ್ನು ನಂಬಬೇಡಿ. ಪೂರ್ವ ದಡವೋ ಪಶ್ಚಿಮ ದಡವೋ, ಯಾವ ತುದಿಗೆ ಹತ್ತಿರ ಎಂದು ನೋಡಿ. ಒಂದೇ ದಿನದಲ್ಲಿ ಮೂರು ಸರೋವರ ಮುಗಿಸುವ ಯೋಜನೆ ಹಾಕಿದವರು ಆ ದಿನವನ್ನು ಕಾರಿನೊಳಗೇ ಕಳೆಯುತ್ತಾರೆ. ಒಂದು ರಾತ್ರಿಗೆ ಒಂದು ಸರೋವರ ಸಾಕು.

ಉಳಿದ ಅಳತೆಗಳು: ನಿಮ್ಮ ಜೊತೆಗಿರುವವರು ಎಷ್ಟು ಮೆಟ್ಟಿಲು ಹತ್ತಬಲ್ಲರು, ಯಾವ ತಿಂಗಳು ಹೋಗುತ್ತೀರಿ, ರೂಮಿಗೆ ಎಷ್ಟು ಖರ್ಚು ಮಾಡುತ್ತೀರಿ, ಸಸ್ಯಾಹಾರ ಎಷ್ಟು ಸುಲಭವಾಗಿ ಸಿಗಬೇಕು. ಕೊನೆಯದಾಗಿ, ಆ ಊರಿನ ಬಗ್ಗೆ ತಿಳಿಯುವ ಆಸೆ ಇದೆಯೋ, ಅಥವಾ ನೀರಿನ ಪಕ್ಕ ಕಾಲು ಚಾಚಿ ಕೂತರೆ ಸಾಕೋ.

ವಾಟ್ಕಿನ್ಸ್ ಗ್ಲೆನ್: ಕಾಲು ಗಟ್ಟಿ ಇದ್ದವರಿಗೆ

ಸೆನೆಕಾ ಸರೋವರದ ದಕ್ಷಿಣ ತುದಿ. ಊರಿನ ಮುಖ್ಯ ಬೀದಿಯಿಂದಲೇ ಕಣಿವೆಯ ಬಾಯಿ ತೆರೆದುಕೊಳ್ಳುತ್ತದೆ. ಒಂದೂವರೆ ಮೈಲಿಯ ಗಾರ್ಜ್ ಟ್ರೇಲ್‌ನಲ್ಲಿ 19 ಜಲಪಾತ, 832 ಕಲ್ಲಿನ ಮೆಟ್ಟಿಲು, ಎರಡೂ ಪಕ್ಕ 200 ಅಡಿವರೆಗಿನ ಬಂಡೆಗೋಡೆ. ಒಂದೆರಡು ಕಡೆ ಜಲಪಾತದ ಹಿಂಬದಿಯಲ್ಲೇ ನಡೆದು ಹೋಗಬಹುದು. 1863ರಲ್ಲಿ ಇದನ್ನು ದುಡ್ಡು ಕೊಟ್ಟು ನೋಡುವ ಜಾಗವಾಗಿ ತೆರೆದರು, 1906ರಲ್ಲಿ ರಾಜ್ಯ ಸರ್ಕಾರ ಕೊಂಡುಕೊಂಡಿತು. 1935ರ ಪ್ರವಾಹ ಹಳೆಯ ದಾರಿಯನ್ನು ಕೊಚ್ಚಿಕೊಂಡು ಹೋದ ಮೇಲೆ ಕಟ್ಟಿದ ಕಲ್ಲುದಾರಿ ಇವತ್ತಿನದು.

ಹೆಚ್ಚಿನವರು ಇಲ್ಲಿ ಎಡವುವುದು ಮೂರು ವಿಷಯದಲ್ಲಿ. ಮೊದಲನೆಯದು, ಕೆಳಗಿನ ಮುಖ್ಯ ಬಾಗಿಲಿನಿಂದ ಶುರು ಮಾಡಿ ಪೂರ್ತಿ ಹತ್ತುವುದು. ಬೇಸಿಗೆಯ ದಿನಗಳಲ್ಲಿ ಬಾಗಿಲುಗಳ ನಡುವೆ ಶಟಲ್ ಬಸ್ಸು ಓಡುತ್ತದೆ; ಅದು ಇದೆಯೇ ಎಂದು ಅಂದೇ ವಿಚಾರಿಸಿ, ಮೇಲಿನ ಬಾಗಿಲಿಗೆ ಹೋಗಿ ಇಳಿಯುತ್ತ ಬನ್ನಿ. ಉಸಿರು ಉಳಿಯುತ್ತದೆ. ಆದರೆ ಮಂಡಿನೋವಿನವರಿಗೆ ಇಳಿಯುವುದೇ ಹೆಚ್ಚು ಕಷ್ಟ ಎಂಬುದನ್ನು ಮರೆಯಬೇಡಿ. ಎರಡನೆಯದು ಚಪ್ಪಲಿ. ಕಲ್ಲು ಸದಾ ಒದ್ದೆ. ರಬ್ಬರ್ ಅಟ್ಟೆಯ, ಹಿಮ್ಮಡಿಗೆ ಬಿಗಿಯುವ ಬೂಟೇ ಬೇಕು. ಸೀರೆ ಉಟ್ಟವರು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳದೆ ಇಳಿಯುವ ಹಾಗಿಲ್ಲ. ಮೂರನೆಯದು ತಿಂಗಳು. ಚಳಿಗಾಲದಲ್ಲಿ ಗಾರ್ಜ್ ಟ್ರೇಲ್ ಮುಚ್ಚಿರುತ್ತದೆ. ಸಾಮಾನ್ಯವಾಗಿ ನವೆಂಬರ್ ಆರಂಭದಿಂದ ಮೇ ನಡುಭಾಗದವರೆಗೆ, ಮಂಜುಗಡ್ಡೆಯೂ ಸಡಿಲಾದ ಬಂಡೆಯೂ ಉದುರುತ್ತವೆಂಬ ಕಾರಣಕ್ಕೆ. ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಂದು ಗೇಟು ನೋಡಿ ವಾಪಸಾಗುವವರು ಪ್ರತಿ ವರ್ಷ ಇದ್ದಾರೆ.

ಹಿರಿಯರಿಗಾಗಿ ಎರಡು ಬದಲಿಗಳಿವೆ, ಎರಡೂ ಚೆನ್ನಾಗಿವೆ. ಮೂರು ಮೈಲಿ ದಕ್ಷಿಣಕ್ಕೆ ಮಾಂಟೂರ್ ಫಾಲ್ಸ್ ಎಂಬ ಹಳ್ಳಿಯ ಬೀದಿಯ ಕೊನೆಗೆ 156 ಅಡಿಯ ಶಿಕ್ವಾಗಾ ಜಲಪಾತ ಬೀಳುತ್ತದೆ. ಕಾರಿನಿಂದ ಇಳಿಯದೆಯೂ ನೋಡಬಹುದು, ಟಿಕೆಟ್ಟಿಲ್ಲ. ಇನ್ನೊಂದು, ಇಥಾಕಾ ಬಳಿ ಕಯೂಗ ಸರೋವರದ ಪಶ್ಚಿಮ ದಡದ ಟಗ್ಯಾನಕ್ ಜಲಪಾತ. 215 ಅಡಿ, ನಯಾಗರಾಕ್ಕಿಂತ ಎತ್ತರ. ಕೆಳಗಿನ ದಾರಿ ಮುಕ್ಕಾಲು ಮೈಲಿ, ಬಹುತೇಕ ಸಮತಟ್ಟು. ಅಷ್ಟೂ ನಡೆಯಲಾಗದವರಿಗೆ ಮೇಲೆ ಕಾರು ನಿಲ್ಲಿಸಿ ನೋಡುವ ಕಟ್ಟೆ ಇದೆ. ಇದರ ಕೆಳಗಿನ ದಾರಿ ಚಳಿಗಾಲದಲ್ಲೂ ತೆರೆದಿರುತ್ತದೆ.

ಊರಿನ ಮಿಕ್ಕ ಕಥೆ ಉಪ್ಪು ಮತ್ತು ಕಾರಿನದು. ನೆಲದಡಿ ಬಹಳ ಆಳದಲ್ಲಿ ಪುರಾತನ ಸಮುದ್ರವೊಂದು ಬಿಟ್ಟುಹೋದ ಉಪ್ಪಿನ ಪದರಗಳಿವೆ; ನೀರು ಇಳಿಸಿ, ಕರಗಿಸಿ, ಮೇಲೆತ್ತಿ ಕುದಿಸುತ್ತಾರೆ. ಸರೋವರದ ದಡದ ಚಂದದ ಫೋಟೋದಲ್ಲಿ ಕಾರ್ಖಾನೆಯ ಹಬೆ ಸೇರಿಕೊಳ್ಳುವುದು ಇದರಿಂದ. 1948ರಲ್ಲಿ ಊರಿನ ಬೀದಿಗಳಲ್ಲೇ 6.6 ಮೈಲಿಯ ಸುತ್ತಿನ ಕಾರ್ ರೇಸ್ ಶುರುವಾಯಿತು. 1952ರಲ್ಲಿ ನೋಡಲು ನಿಂತಿದ್ದ ಬಾಲಕನೊಬ್ಬ ಸತ್ತ ಮೇಲೆ ರೇಸನ್ನು ಬೀದಿಯಿಂದ ಆಚೆ ಒಯ್ದರು. ಗುಡ್ಡದ ಮೇಲಿನ ಟ್ರ್ಯಾಕಿನಲ್ಲಿ 1961ರಿಂದ 1980ರವರೆಗೆ ಅಮೆರಿಕದ ಫಾರ್ಮುಲಾ ವನ್ ಸ್ಪರ್ಧೆ ನಡೆಯಿತು. ಈಗಲೂ ದೊಡ್ಡ ರೇಸ್ ಇರುವ ವಾರಾಂತ್ಯ ರೂಮು ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೈ ಸುಡುತ್ತದೆ. ತಾರೀಖು ಗೊತ್ತು ಮಾಡುವ ಮೊದಲು ರೇಸ್ ವೇಳಾಪಟ್ಟಿ ನೋಡಿ. ಕಡಿಮೆ ಖರ್ಚಿಗೆ ಹಾರ್ಸ್‌ಹೆಡ್ಸ್ ಅಥವಾ ಕಾರ್ನಿಂಗ್ ಕಡೆ ಉಳಿದು ಬೆಳಗ್ಗೆ ಬರುವುದು ಜಾಣತನ. ಕಾರ್ನಿಂಗಿನ ಗಾಜಿನ ಮ್ಯೂಸಿಯಂ ಮಳೆ ದಿನಕ್ಕೆ ಹೇಳಿ ಮಾಡಿಸಿದ್ದು. 17 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಪ್ರವೇಶ ಉಚಿತ.

ಕ್ಯಾನಂಡೇಗ್ವಾ: ಎಲ್ಲರನ್ನೂ ಸಂಭಾಳಿಸುವ ಊರು

ಮೂರು ತಲೆಮಾರು ಒಂದೇ ಕಾರಿನಲ್ಲಿದ್ದರೆ ನಮ್ಮ ಮೊದಲ ಸಲಹೆ ಇದು. ಹತ್ತು ಸಾವಿರದಷ್ಟು ಜನ, ಹೆಚ್ಚುಕಡಿಮೆ ಸಮತಟ್ಟು ನೆಲ, ಅಗಲವಾದ ಮುಖ್ಯ ಬೀದಿ ನೆಟ್ಟಗೆ ಸರೋವರಕ್ಕೇ ಇಳಿಯುತ್ತದೆ. ಕರ್ಶಾ ಪಾರ್ಕಿನಲ್ಲಿ ನೀರಿಗಿಳಿಯುವ ಜಾಗ, ಬೆಂಚು, ಗಾಲಿಕುರ್ಚಿ ತಳ್ಳುವ ದಾರಿ ಇದೆ. ನಯಾಗರಾ ಸುಮಾರು ಎರಡು ಗಂಟೆಯ ಹಾದಿ. ದೊಡ್ಡ ವೆಗ್ಮನ್ಸ್ ಅಂಗಡಿ ಇರುವುದರಿಂದ ಮೊಸರು, ಹಣ್ಣು, ಬ್ರೆಡ್ಡಿಗೆ ಪರದಾಟವಿಲ್ಲ. ಚೈನ್ ಹೋಟೆಲುಗಳೂ ಇವೆ, ಬಾಡಿಗೆ ಸ್ಕ್ಯಾನಿಯಾಟ್ಲಸ್‌ನಷ್ಟು ಏರುವುದಿಲ್ಲ.

ಹೊರನೋಟಕ್ಕೆ ಸಾಧಾರಣ ಊರು. ಆದರೆ ಅಮೆರಿಕದ ಇತಿಹಾಸದ ಎರಡು ದೊಡ್ಡ ಪ್ರಶ್ನೆಗಳು ಇಲ್ಲಿನ ಒಂದೇ ಗುಡ್ಡದ ಮೇಲೆ ನಿಂತಿವೆ. ಈ ಸೀಮೆಯೆಲ್ಲ ಹೋಡಿನೊಶೋನಿ ಒಕ್ಕೂಟದ್ದು. ಇತಿಹಾಸದ ಪಾಠದಲ್ಲಿ ಇರೊಕ್ವಾ ಎಂದು ಓದಿರುವ ಜನ ಇವರೇ. ಪಶ್ಚಿಮದ ಈ ಭಾಗ ಸೆನೆಕಾ ಜನರದು. ಸ್ವಾತಂತ್ರ್ಯ ಯುದ್ಧದಲ್ಲಿ ಅವರಲ್ಲಿ ಬಹುಪಾಲು ಬ್ರಿಟಿಷರ ಪರ ನಿಂತರು. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಆಜ್ಞೆಯ ಮೇಲೆ ಜನರಲ್ ಸಲಿವನ್‌ನ ಸೈನ್ಯ ಬಂದು ನಲವತ್ತಕ್ಕೂ ಹೆಚ್ಚು ಊರುಗಳನ್ನು ಸುಟ್ಟಿತು. ಬರೀ ಮನೆಗಳನ್ನಲ್ಲ, ಕೊಯ್ಲಿಗೆ ಬಂದ ಜೋಳ, ಹಣ್ಣಿನ ತೋಟ ಎಲ್ಲವನ್ನೂ. ಬದುಕುಳಿದವರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ನಯಾಗರಾ ಕೋಟೆಗೆ ಓಡಿದರು, ಮುಂದಿನ ಘೋರ ಚಳಿಯಲ್ಲಿ ಹಸಿವಿನಿಂದ ಅಲ್ಲಿ ಎಷ್ಟೋ ಜನ ಸತ್ತರು. ಪ್ರವಾಸಿಗಳು ಜಲಪಾತ ನೋಡಲು ಹಿಡಿಯುವ ದಿಕ್ಕೇ ಅವರು ಓಡಿದ ದಿಕ್ಕು.

ಹದಿನೈದು ವರ್ಷದ ಮೇಲೆ, 1794ರ ನವೆಂಬರ್ 11ರಂದು, ಕ್ಯಾನಂಡೇಗ್ವಾದಲ್ಲಿ ಅಮೆರಿಕ ಮತ್ತು ಹೋಡಿನೊಶೋನಿ ಒಕ್ಕೂಟದ ಆರು ರಾಷ್ಟ್ರಗಳ ನಡುವೆ ಒಪ್ಪಂದವಾಯಿತು. ವಾಷಿಂಗ್ಟನ್ ಪರವಾಗಿ ಟಿಮೊಥಿ ಪಿಕರಿಂಗ್ ಸಹಿ ಹಾಕಿದ. ವರ್ಷಕ್ಕೆ 4,500 ಡಾಲರ್ ಬೆಲೆಯ ಸಾಮಾನು ಕೊಡುವ ಮಾತು ಅದರಲ್ಲಿದೆ. ಅದರ ಲೆಕ್ಕದಲ್ಲಿ ಬಟ್ಟೆಯ ತುಂಡು ಇಂದಿಗೂ ಹೋಗುತ್ತದೆ. ತುಂಡು ಚಿಕ್ಕದಾಗುತ್ತ ಬಂದರೂ ಒಪ್ಪಂದ ಜೀವಂತ ಎಂಬುದಕ್ಕೆ ಅದೇ ಸಾಕ್ಷಿ ಎನ್ನುವುದು ಹೋಡಿನೊಶೋನಿಗಳ ನಿಲುವು. ಪ್ರತಿ ನವೆಂಬರ್ 11ಕ್ಕೆ ಅವರು ಇಲ್ಲಿ ಸೇರುತ್ತಾರೆ, ನೋಡಲು ಯಾರೂ ಹೋಗಬಹುದು.

ಅದೇ ಗುಡ್ಡದ ಮೇಲೆ ಚಿನ್ನದ ಬಣ್ಣದ ಗುಮ್ಮಟದ ಕೋರ್ಟು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥನಿ, ಹೆಂಗಸರಿಗೆ ಆ ಹಕ್ಕಿಲ್ಲದ 1872ರಲ್ಲಿ ರೋಚೆಸ್ಟರ್‌ನಲ್ಲಿ ವೋಟು ಹಾಕಿದ ತಪ್ಪಿಗೆ 1873ರ ಜೂನಿನಲ್ಲಿ ಇಲ್ಲಿ ವಿಚಾರಣೆ ಎದುರಿಸಿದರು. ನ್ಯಾಯಾಧೀಶರು ಜೂರಿಗಳಿಗೆ ಯೋಚಿಸಲೂ ಬಿಡದೆ ತಪ್ಪಿತಸ್ಥೆ ಎಂದು ತೀರ್ಪು ಬರೆಸಿ, ನೂರು ಡಾಲರ್ ದಂಡ ಹಾಕಿದರು. ಆಕೆ ಅದನ್ನು ಕಟ್ಟಲೇ ಇಲ್ಲ.

ಕೊರತೆ ಏನೆಂದರೆ, ಇಲ್ಲಿ ಮೈ ಜುಮ್ಮೆನ್ನಿಸುವ ನೋಟವಿಲ್ಲ. ಹದಿಹರೆಯದ ಮಕ್ಕಳು ಎರಡು ಗಂಟೆಯಲ್ಲಿ ಬೇಸರ ಹೇಳುತ್ತಾರೆ. ಆಗ ಸರೋವರದ ದಕ್ಷಿಣಕ್ಕೆ ನೇಪಲ್ಸ್ ಊರಿಗೆ ಕಾರು ಓಡಿಸಿ. ಸೆಪ್ಟೆಂಬರ್‌ನಲ್ಲಿ ಕಾಂಕರ್ಡ್ ದ್ರಾಕ್ಷಿಯ ಪೈ ಅಲ್ಲಿನ ವಿಶೇಷ. ಸಸ್ಯಾಹಾರಿಗಳು ಕೊಳ್ಳುವ ಮುಂಚೆ ಪೈ ಹಿಟ್ಟಿಗೆ ಹಂದಿಕೊಬ್ಬು ಹಾಕಿದ್ದಾರೆಯೇ ಎಂದು ಕೇಳಬೇಕು. ಕೆಲವರು ಹಾಕುತ್ತಾರೆ, ಕೆಲವರು ಬೆಣ್ಣೆ.

ಸ್ಕ್ಯಾನಿಯಾಟ್ಲಸ್: ಕೂತು ನೋಡುವವರಿಗೆ, ದುಡ್ಡಿದ್ದವರಿಗೆ

ಎರಡೂವರೆ ಸಾವಿರದಷ್ಟು ಜನರ ಹಳ್ಳಿ, ಸಿರಕ್ಯೂಸ್‌ನಿಂದ ಅರ್ಧ ಗಂಟೆ. ಐದರಲ್ಲಿ ಅತಿ ಚಂದದ ಊರು ಇದೇ, ಅದರಲ್ಲಿ ಚರ್ಚೆ ಇಲ್ಲ. ಹೆದ್ದಾರಿ 20 ಊರಿನ ನಡುವೆ ಹಾಯುತ್ತದೆ, ರಸ್ತೆ ದಾಟಿದರೆ ನೀರು. 1807ರಲ್ಲಿ ಕುದುರೆಗಾಡಿ ಸಾರಿಗೆಯ ಐಸಾಕ್ ಶೇರ್‌ವುಡ್ ಶುರು ಮಾಡಿದ ವಸತಿಗೃಹ ಅವನ ಹೆಸರಿನಲ್ಲೇ ಇನ್ನೂ ನಡೆಯುತ್ತಿದೆ.

ನೀರು ಅಷ್ಟು ತಿಳಿಯಾಗಿರುವುದಕ್ಕೆ ಕಾರಣವಿದೆ. 1894ರಿಂದ ಸಿರಕ್ಯೂಸ್ ನಗರ ಕುಡಿಯುವುದು ಈ ಸರೋವರದ ನೀರನ್ನೇ, ಅದೂ ಸೋಸುವ ಘಟಕವಿಲ್ಲದೆ, ಕ್ರಿಮಿನಾಶ ಮಾತ್ರ ಮಾಡಿ. ಸುತ್ತಲಿನ ಹೊಲ, ಮನೆಗಳ ಮೇಲೆ ಅದಕ್ಕೇ ಬಿಗಿ ನಿಯಮಗಳು. ಇಷ್ಟಾಗಿಯೂ 2017ರಲ್ಲಿ ವಿಷಕಾರಿ ಪಾಚಿ ಕಾಣಿಸಿಕೊಂಡಿತು. ಬೇಸಿಗೆ ಕೊನೆಯಲ್ಲಿ, ಗಾಳಿಯಿಲ್ಲದ ಬಿಸಿ ದಿನಗಳಲ್ಲಿ, ಯಾವ ಸರೋವರಕ್ಕೇ ಹೋದರೂ ಹಸಿರು ಬಣ್ಣ ಚೆಲ್ಲಿದಂಥ ನೀರಿಗೆ ಮಕ್ಕಳನ್ನು ಇಳಿಸಬೇಡಿ. ದಡದಲ್ಲಿ ಹಾಕಿರುವ ಫಲಕ ಓದಿ.

ಹಿರಿಯರಿಗೆ ಇಲ್ಲಿ ಮಾಡಿಸಬೇಕಾದದ್ದು ದೋಣಿ ಪಯಣ. ಬೇಸಿಗೆಯಲ್ಲಿ ದಡದ ಮನೆಗಳಿಗೆ ಅಂಚೆ ಹಂಚುವ ದೋಣಿಯಲ್ಲೇ ಪ್ರವಾಸಿಗಳನ್ನೂ ಕರೆದೊಯ್ಯುತ್ತಾರೆ, ಸೀಟು ಮೊದಲೇ ಕಾಯ್ದಿರಿಸಬೇಕು. ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಮುಂಚಿನ ವಾರಾಂತ್ಯಗಳಲ್ಲಿ, ಹತ್ತೊಂಬತ್ತನೇ ಶತಮಾನದ ವೇಷ ತೊಟ್ಟ ಕಲಾವಿದರು ಬೀದಿಯಲ್ಲಿ ಓಡಾಡುತ್ತಾರೆ; ಚಳಿಗಾಲದಲ್ಲಿ ಹೋಗಲು ಅರ್ಥವಿರುವ ಸರೋವರದೂರು ಎಂದರೆ ಇದೊಂದೇ. ಆದರೆ ಬಾಡಿಗೆ ದುಬಾರಿ, ಬೇಸಿಗೆಯ ಶನಿವಾರ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಸಿರಕ್ಯೂಸ್‌ನಲ್ಲಿ ಉಳಿದು ಬೆಳಗ್ಗೆ ಹತ್ತರೊಳಗೆ ಬಂದು ಮಧ್ಯಾಹ್ನ ಹೊರಟುಬಿಟ್ಟರೆ ಅರ್ಧ ಖರ್ಚಿನಲ್ಲಿ ಮುಕ್ಕಾಲು ಸುಖ. ಸಂಜೆ ಇಂಡಿಯನ್ ಊಟವೂ ಸಿರಕ್ಯೂಸ್‌ನಲ್ಲೇ ಸಿಗುತ್ತದೆ.

ಸೆನೆಕಾ ಫಾಲ್ಸ್: ಸರೋವರ ನೆಪ, ಇತಿಹಾಸ ಮುಖ್ಯ

ಹೆಸರಿನಲ್ಲಿರುವ ಜಲಪಾತ ಈಗಿಲ್ಲ. 1915ರಲ್ಲಿ ಕಾಲುವೆ ಕೆಲಸಕ್ಕಾಗಿ ಅದನ್ನು ಮುಳುಗಿಸಿ ವ್ಯಾನ್ ಕ್ಲೀಫ್ ಎಂಬ ಪುಟ್ಟ ಸರೋವರ ಮಾಡಿದರು. ಈಜಬೇಕಾದರೆ ಕೆಲವೇ ಮೈಲಿ ಪೂರ್ವಕ್ಕೆ, ಕಯೂಗ ಸರೋವರದ ಸ್ಟೇಟ್ ಪಾರ್ಕಿಗೆ ಹೋಗಬೇಕು.

ಇಲ್ಲಿಗೆ ಹೋಗುವುದು 1848ರ ಜುಲೈ 19 ಮತ್ತು 20ಕ್ಕಾಗಿ. ವೆಸ್ಲಿಯನ್ ಚಾಪೆಲಿನಲ್ಲಿ ಎಲಿಜಬೆತ್ ಕೇಡಿ ಸ್ಟಾಂಟನ್, ಲುಕ್ರೇಶಿಯಾ ಮಾಟ್ ಮತ್ತಿತರರು ಮಹಿಳೆಯರ ಹಕ್ಕಿನ ಸಭೆ ಸೇರಿಸಿದರು. ಘೋಷಣಾಪತ್ರಕ್ಕೆ 68 ಹೆಂಗಸರು, 32 ಗಂಡಸರು ಸಹಿ ಹಾಕಿದರು. ಮತದಾನದ ಹಕ್ಕು ಕೇಳುವುದು ಅತಿಯಾಯಿತೆಂದು ಸಭೆಯಲ್ಲೇ ಕೆಲವರು ಹಿಂಜರಿದಾಗ ಅದರ ಪರ ಮಾತಾಡಿದವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್. ಹಕ್ಕು ಕೈಗೆ ಬಂದದ್ದು 1920ರಲ್ಲಿ. ಆ ಚಾಪೆಲ್ ನಡುವೆ ಕಾರ್ ಗ್ಯಾರೇಜು, ಬಟ್ಟೆ ಒಗೆಯುವ ಅಂಗಡಿ ಎಲ್ಲ ಆಗಿ, ಈಗ ರಾಷ್ಟ್ರೀಯ ಉದ್ಯಾನ ವಿಭಾಗದ ವಶದಲ್ಲಿದೆ. ಪ್ರವೇಶಕ್ಕೆ ದುಡ್ಡಿಲ್ಲ. ಸ್ಟಾಂಟನ್ ಮನೆ ಸ್ವಲ್ಪ ದೂರ, ಅದರೊಳಗೆ ರೇಂಜರ್ ಕರೆದುಕೊಂಡು ಹೋಗುವ ಸಮಯ ಮೊದಲೇ ಕೇಳಿಕೊಳ್ಳಿ.

ಅಗ್ಗದಲ್ಲಿ ಉಳಿಯಲು ಇದೇ ಸರಿ. ಅಂತರರಾಜ್ಯ ಹೆದ್ದಾರಿ 90ರ ಪಕ್ಕದಲ್ಲೇ ಹೋಟೆಲುಗಳಿವೆ. ನಡೆಯಲಾರದವರಿಗೆ ಮಾಂಟೆಝುಮಾ ಪಕ್ಷಿಧಾಮವಿದೆ: ಕಾರಿನಲ್ಲೇ ಕೂತು ಸುತ್ತುವ ದಾರಿ, ವಲಸೆಯ ಕಾಲದಲ್ಲಿ ಬಾತು, ಕೊಕ್ಕರೆ, ಹದ್ದು. ವಾಟರ್ಲೂ ಔಟ್‌ಲೆಟ್ ಮಾಲ್ ಕೂಡ ಹತ್ತಿರವೇ. ಬೆಳಗ್ಗೆ ಚಾಪೆಲ್ ಅಂತ ಹೊರಟ ಎಷ್ಟೋ ಕಾರುಗಳು ಸಂಜೆವರೆಗೆ ಅಲ್ಲೇ ನಿಂತಿರುತ್ತವೆ, ಆದ್ದರಿಂದ ಚಾಪೆಲ್ ಮೊದಲು.

ಹ್ಯಾಮಂಡ್ಸ್‌ಪೋರ್ಟ್: ಎರಡು ರಾತ್ರಿ ಇದ್ದರೆ ಮಾತ್ರ

ಕ್ಯೂಕಾ ಸರೋವರ ಇಂಗ್ಲಿಷಿನ ವೈ ಅಕ್ಷರದ ಆಕಾರದ್ದು; ಅದರ ದಕ್ಷಿಣ ತುದಿಯಲ್ಲಿ ಆರುನೂರು ಜನರ ಆಸುಪಾಸಿನ ಹಳ್ಳಿ ಇದು. ಆಳದ ನೀರು ಬೇಸಿಗೆಯ ಶಾಖವನ್ನು ಹಿಡಿದಿಟ್ಟು ಶರತ್ಕಾಲದಲ್ಲಿ ನಿಧಾನವಾಗಿ ಬಿಡುತ್ತದೆ. ಇಳಿಜಾರಿನ ಬಳ್ಳಿಗಳಿಗೆ ಹಿಮ ತಡವಾಗಿ ತಾಕುತ್ತದೆ. ದ್ರಾಕ್ಷಿ ಇಲ್ಲಿ ನೆಲೆಯೂರಿದ್ದು ಹೀಗೆ. 1829ರಲ್ಲಿ ಪಾದ್ರಿಯೊಬ್ಬರು ಚರ್ಚಿನ ಅಂಗಳದಲ್ಲಿ ಬಳ್ಳಿ ನೆಟ್ಟರು, 1860ರಲ್ಲಿ ವೈನ್ ಕಂಪನಿ ಹುಟ್ಟಿತು.

ಬೆಂಗಳೂರಿನವರಿಗೆ ಇಲ್ಲಿ ಇನ್ನೊಂದು ಕಾರಣವಿದೆ. ಸೈಕಲ್ ಅಂಗಡಿ ಇಟ್ಟಿದ್ದ ಗ್ಲೆನ್ ಕರ್ಟಿಸ್ ಹುಟ್ಟಿದ್ದು ಈ ಹಳ್ಳಿಯಲ್ಲಿ, 1878ರಲ್ಲಿ. ಸೈಕಲ್ಲಿಗೆ ಇಂಜಿನ್ ಕೂರಿಸಿ, 1907ರಲ್ಲಿ ಗಂಟೆಗೆ 136 ಮೈಲಿ ವೇಗದಲ್ಲಿ ಮೋಟಾರ್‌ಸೈಕಲ್ ಓಡಿಸಿ, ಮಾರನೇ ವರ್ಷ ಜುಲೈ 4ರಂದು ಜೂನ್ ಬಗ್ ಎಂಬ ವಿಮಾನವನ್ನು ಜನರ ಕಣ್ಣೆದುರೇ 5,000 ಅಡಿಗಿಂತ ಹೆಚ್ಚು ದೂರ ಹಾರಿಸಿದ. ನೀರಿನ ಮೇಲಿಂದ ಏಳುವ ವಿಮಾನಗಳನ್ನು ಇದೇ ಸರೋವರದಲ್ಲಿ ಪರೀಕ್ಷಿಸಿದ. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮೊದಮೊದಲು ಜೋಡಿಸಿದ ವಿಮಾನಗಳಲ್ಲಿ ಅವನ ಹೆಸರು ಹೊತ್ತ ಕಂಪನಿಯ ಕರ್ಟಿಸ್ ಹಾಕ್ ಕೂಡ ಒಂದು. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ಅಪ್ಪನೋ ಮಾವನೋ ಜೊತೆಗಿದ್ದರೆ ಮಿಕ್ಕ ನಾಲ್ಕೂ ಊರು ಬಿಟ್ಟು ಇಲ್ಲಿಗೇ ಬನ್ನಿ. ಕರ್ಟಿಸ್ ಮ್ಯೂಸಿಯಂಗೆ ಅರ್ಧ ದಿನ ಇಡಿ. ಹೆಚ್ಚಿನದೆಲ್ಲ ಒಂದೇ ನೆಲದ ಮೇಲಿದೆ.

ಉಳಿದಂತೆ ಇದು ಅನುಕೂಲದ ಊರಲ್ಲ. ರೂಮು ಕಡಿಮೆ, ಅಡುಗೆಮನೆ ಇರುವ ಬಾಡಿಗೆ ಮನೆಯೇ ವಾಸಿ. ಬೇಕಾದ ದಿನಸಿ ದಾರಿಯಲ್ಲೇ ಕಟ್ಟಿಕೊಂಡು ಬನ್ನಿ. ಸರೋವರದ ಉತ್ತರದ ಪೆನ್ ಯಾನ್ ಸುತ್ತಮುತ್ತ ಹಳೇ ರೀತಿಯಲ್ಲಿ ಸರಳವಾಗಿ ಬದುಕುವ ಕ್ರೈಸ್ತ ಪಂಗಡದ ಮೆನೊನೈಟ್ ಕುಟುಂಬಗಳು ಹೆಚ್ಚು, ರಸ್ತೆಯಲ್ಲಿ ಅವರ ಕುದುರೆಗಾಡಿಗಳಿರುತ್ತವೆ. ಏರು ದಾಟುವ ಮುಂಚೆ ವೇಗ ತಗ್ಗಿಸಿ, ಕತ್ತಲಾದ ಮೇಲಂತೂ ಇನ್ನೂ ನಿಧಾನ. ಅವರ ತರಕಾರಿ, ಬೆಲ್ಲದಂಥ ಮೇಪಲ್ ಪಾಕ ಧಾರಾಳವಾಗಿ ಕೊಳ್ಳಿ, ಮುಖದ ಫೋಟೋ ಮಾತ್ರ ತೆಗೆಯಬೇಡಿ. ಭಾನುವಾರ ಅವರ ಅಂಗಡಿ ಮುಚ್ಚಿರುತ್ತದೆ.

ಊಟದ ಒಂದು ಮಾತು, ಐದೂ ಊರಿಗೆ

ಸಣ್ಣ ಊರುಗಳ ಅಡುಗೆಮನೆ ರಾತ್ರಿ ಎಂಟೂವರೆ-ಒಂಬತ್ತಕ್ಕೇ ಮುಚ್ಚುತ್ತದೆ. ಈರುಳ್ಳಿ ಸೂಪಿಗೆ ಸಾಮಾನ್ಯವಾಗಿ ದನದ ಮಾಂಸದ ಸಾರು ಹಾಕಿರುತ್ತಾರೆ, ಸೀಸರ್ ಸಲಾಡಿನಲ್ಲಿ ಮೀನಿರುತ್ತದೆ. ಪಿಜ್ಜಾ, ಪಾಸ್ತಾ, ಗ್ರಿಲ್ಡ್ ಚೀಸ್ ಎಲ್ಲೆಡೆ ಸಿಗುತ್ತವೆ. ಹಿರಿಯರಿಗೆ ಅದು ಎರಡನೇ ಹೊತ್ತಿಗೇ ಸಾಕಾಗುವುದರಿಂದ ಪುಳಿಯೋಗರೆ ಗೊಜ್ಜು, ಸಣ್ಣ ರೈಸ್ ಕುಕ್ಕರ್ ಜೊತೆಗಿರಲಿ. ಇಥಾಕಾದಲ್ಲಿ ಇಂಡಿಯನ್ ಹೋಟೆಲುಗಳಿವೆ, ಸಸ್ಯಾಹಾರಕ್ಕೇ ಹೆಸರಾದ ಮೂಸ್‌ವುಡ್ 1973ರಿಂದ ಇದೆ. ವಾಟ್ಕಿನ್ಸ್ ಗ್ಲೆನ್‌ನಿಂದ ಅಲ್ಲಿಗೆ ಮುಕ್ಕಾಲು ಗಂಟೆ.

ಇನ್ನು ರಾತ್ರಿ ತಂಗದೆ, ನಯಾಗರಾದಿಂದ ನ್ಯೂಜೆರ್ಸಿಗೆ ವಾಪಸಾಗುವ ದಿನ ಮೂರೇ ಗಂಟೆ ಕೈಯಲ್ಲಿದ್ದರೆ: ಕ್ಯಾನಂಡೇಗ್ವಾದ ದಡದಲ್ಲಿ ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ. ಅಲ್ಲಿಂದ ಜಿನೀವಾ ಮೂಲಕ ಸೆನೆಕಾ ಸರೋವರದ ಪಶ್ಚಿಮ ದಡದ ಹೆದ್ದಾರಿ 14 ಹಿಡಿದು ವಾಟ್ಕಿನ್ಸ್ ಗ್ಲೆನ್‌ಗೆ ಇಳಿಯಿರಿ. ಗಟ್ಟಿ ಕಾಲಿನವರು ಕೆಳಗಿನ ಬಾಗಿಲಿನಿಂದ ಮೊದಲ ಜಲಪಾತದವರೆಗೆ ಹೋಗಿ ಬರಲಿ. ಅಷ್ಟರಲ್ಲಿ ಇನ್ನೊಬ್ಬರು ಹಿರಿಯರನ್ನು ಮಾಂಟೂರ್ ಫಾಲ್ಸಿಗೆ ಕರೆದುಕೊಂಡು ಹೋಗಿ ಬರಬಹುದು. ಸ್ಟೇಟ್ ಪಾರ್ಕಿನ ವಾಹನ ಶುಲ್ಕ 10 ಡಾಲರ್ ಆಸುಪಾಸು. ಅದೇ ದಿನ ಟಗ್ಯಾನಕ್‌ಗೂ ಹೋಗುವುದಿದ್ದರೆ ಆ ರಸೀದಿ ಅಲ್ಲೂ ನಡೆಯುತ್ತದೆಯೇ ಎಂದು ಗೇಟಿನಲ್ಲೇ ಕೇಳಿಕೊಳ್ಳಿ.